ಇಬ್ಬರಿಗೆಂದು ತಂದ ಕಲ್ಲು

ಹೋದ ವಾರ ಒಂದು ಕಾಗದ ಹುಡುಕಲು ಹಳೆಯ ಫೈಲು ತೆಗೆದೆ. ಕಾರ್ಬನ್ ಹಾಳೆಯ ವಾಸನೆ ಮುಖಕ್ಕೆ ಬಂತು. ಒಳಗೆ ಹನ್ನೆರಡು ಪತ್ರಗಳ ನೀಲಿ ನಕಲುಗಳಿದ್ದವು. ಉತ್ತರ ಬಂದ ದಿನವನ್ನು ಪ್ರತಿ ನಕಲಿನ ಕೆಳಗೆ ಬರೆಯಬೇಕೆಂದು ಒಂದೊಂದು ಗೆರೆ ಎಳೆದಿದ್ದೆ. ಹನ್ನೊಂದು ಗೆರೆಗಳು ಖಾಲಿ...

ಅವನ್ನು ನನ್ನಿಂದ ಬರೆಸಿದವರು ಮುತ್ತಿನಕೊಪ್ಪದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಟೈಲರ್ ಅಕ್ಕ. ಅವರ ಇಬ್ಬರು ತಮ್ಮಂದಿರು ಸೈನ್ಯ ಸೇರಿ, ಶ್ರೀಲಂಕಾದ ಅಂತರ್ಯುದ್ಧದ ಕಾಲದಲ್ಲಿ ಭಾರತದ ಶಾಂತಿಪಾಲನಾ ಪಡೆಯೊಂದಿಗೆ ಅಲ್ಲಿಗೆ ಹೋಗಿದ್ದರು. ನಾನಾಗ ತೊಟ್ಟಿಲ ಕೂಸು. ದೊಡ್ಡವನ ದೇಹ ಊರಿಗೆ ಬರಲಿಲ್ಲ, ಅಲ್ಲೇ ಸುಟ್ಟಿದ್ದರು. ಅವನ ಪೆಟ್ಟಿಗೆ ಬಂತು. ಅದರಲ್ಲಿ ಬಟ್ಟೆ, ಕ್ಷೌರದ ಸಾಮಾನು, ಅವನು ಕೊರಳಲ್ಲಿ ಧರಿಸುತ್ತಿದ್ದ ಇಷ್ಟಲಿಂಗ. ನಮ್ಮಲ್ಲಿ ಸತ್ತವರನ್ನು ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಹೂಳುತ್ತಾರೆ. ದೇಹವಿಲ್ಲದ್ದರಿಂದ ಬರೀ ಲಿಂಗವನ್ನೇ ವಿಭೂತಿಯೊಡನೆ ರುದ್ರಭೂಮಿಯಲ್ಲಿ ಹೂಳಿದರಂತೆ. ಚಿಕ್ಕವನದು ಪೆಟ್ಟಿಗೆಯೂ ಬರಲಿಲ್ಲ. ಕಾಣೆಯಾಗಿದ್ದಾನೆ ಎಂಬ ಒಂದು ತಂತಿ ಬಂತು, ಅಷ್ಟೇ.

2003ರ ಬೇಸಿಗೆಯಲ್ಲಿ ಅಕ್ಕ ಒಂದು ಕಲ್ಲು ತರಿಸಿದರು. ಎರಡು ಹೆಸರು ಅಕ್ಕಪಕ್ಕ ಹಿಡಿಸುವಷ್ಟು ಅಗಲದ್ದು. ರುದ್ರಭೂಮಿಯಲ್ಲಿ ಅದನ್ನು ನಿಲ್ಲಿಸುವ ದಿನ, ಊರಿನ ಶವಸಂಸ್ಕಾರ ನಡೆಸುವ ಅಯ್ನೋರು ತಡೆದರು.

"ದೊಡ್ಡವಂದು ಹಾಕ್ಸು. ಚಿಕ್ಕವಂದು ಬ್ಯಾಡ. ಲಿಂಗ ಮಣ್ಣಿಗೆ ಸೇರ್ಲಿಲ್ಲ, ಸುದ್ದಿ ಬರ್ಲಿಲ್ಲ. ಬದುಕಿದ್ರೆ ಎಂತ ಮಾಡ್ತಿ?"

"ಬದುಕಿದ್ರೆ ಅವನೇ ಬಂದು ಅಳಿಸ್ಲಿ ಅಯ್ಯಾ. ಅಣ್ಣನ ಅಂಗಿ ಬಿಟ್ಟು ಬೇರೆ ಹಾಕ್ದೋನಲ್ಲ ಅವ. ಈಗ ಅಣ್ಣನ್ನ ಒಬ್ಬನ್ನೇ ನಿಲ್ಸೋದಾ?"

ಅಯ್ನೋರು ಒಪ್ಪಲಿಲ್ಲ. ಸರ್ಕಾರದ ಸಾವಿನ ಕಾಗದ ತಂದರೆ ಆಮೇಲೆ ನೋಡೋಣ ಎಂದರು. ಕಲ್ಲುಕುಟಿಗ ಎಡಗಡೆ ದೊಡ್ಡವನ ಹೆಸರು ಕೆತ್ತಿ, ಬಲಗಡೆಯನ್ನು ನಯಮಾಡಿ ಹಾಗೇ ಬಿಟ್ಟು ಹೋದ.

ನಾನು ನರಸಿಂಹರಾಜಪುರದ ಕಾಲೇಜಿಗೆ ಹೋಗುತ್ತಿದ್ದೆ. ಇಂಗ್ಲಿಷ್ ಬರೆಯಬಲ್ಲವಳೆಂದು ಅಕ್ಕ ನನ್ನನ್ನು ಕರೆದರು. ಹೊಲಿಗೆ ಯಂತ್ರದ ಹಲಗೆಯೇ ನಮ್ಮ ಮೇಜು. ಸೈನ್ಯದ ಕಚೇರಿಗೆ ಪ್ರತಿ ಸಲವೂ ಅದೇ ಪ್ರಶ್ನೆ: ನನ್ನ ತಮ್ಮ ಎಲ್ಲಿದ್ದಾನೆ?

"ಬಲ ಹುಬ್ಬಿನ ಮೇಲೆ ಗಾಯದ ಗುರ್ತು ಇದೆ ಅಂತ ಬರಿ. ಕಂಡೋರಿಗೆ ಗೊತ್ತಾಗ್ಲಿ. ಎಷ್ಟಾಯ್ತೇ ನಿನ್ನ ಲೆಕ್ಕ?"

"ಇದು ಸೇರಿ ಒಂಬತ್ತು."

"ನಿನ್ನ ಇಂಗ್ಲಿಷು ಅವ್ರಿಗೆ ಅರ್ಥ ಆಗ್ತಿಲ್ಲ ಕಾಣ್ತದೆ ಮಾರಾಯ್ತಿ" ಎಂದು ನಕ್ಕಿದ್ದರು.

ಎರಡು ವರ್ಷಕ್ಕೆ ಹನ್ನೊಂದು ಪತ್ರಗಳಾದವು. ನನಗೆ ತಾಳ್ಮೆ ತಪ್ಪಿತು. ಬೇಕಾದ್ದು ಸಾವಿನ ಕಾಗದ, ಕೇಳುವುದು ಇನ್ನೇನೋ ಎನಿಸಿತು. ಹನ್ನೆರಡನೆಯದರಲ್ಲಿ ಅವರು ಹೇಳಿದ್ದನ್ನೆಲ್ಲ ಬಿಟ್ಟು, ಮರಣ ಪ್ರಮಾಣಪತ್ರ ಕಳಿಸಿಕೊಡಬೇಕು ಎಂದು ಒಂದೇ ಸಾಲು ಬರೆದೆ. ಓದಿ ಹೇಳಲಿಲ್ಲ. ಅವರು ಸಹಿ ಹಾಕಿದರು.

ಮೂವತ್ತೊಂದನೆಯ ದಿನ ಉತ್ತರ ಬಂತು. ಮೃತನೆಂದು ಪರಿಗಣಿಸಲಾಗಿದೆ ಎಂಬ ಒಕ್ಕಣೆ, ಕೆಳಗೆ ಮೊಹರು. ಗೆದ್ದವಳಂತೆ ಓಡಿ ಹೋಗಿ ಓದಿ ಹೇಳಿದೆ. ಅಕ್ಕ ಯಂತ್ರ ನಿಲ್ಲಿಸಿದರು.

"ಎಲ್ಲಿ ಸತ್ತ ಅಂತ ಬರ್ದಿದಾರಾ?"

"ಇಲ್ಲ."

"ಯಾರು ನೋಡಿದ್ರು ಅಂತ?"

"ಅದೂ ಇಲ್ಲ."

"ಮತ್ತೆ ಅವ್ರಿಗೆ ಹ್ಯಾಂಗೆ ಗೊತ್ತಾಯ್ತು?"

"ನಾವು ಕೇಳಿದ್ವಲ್ಲ ಅಕ್ಕ..."

ಅವರು ನನ್ನ ಮುಖವನ್ನೇ ನೋಡಿದರು. "ನಾವು ಕೇಳಿದ್ದು ಅದಲ್ಲ ಕಣೆ."

ನಾನು ಒಯ್ದು ತೋರಿಸಿದ ಕಾಗದ ನೋಡಿ ಅಯ್ನೋರು ಒಪ್ಪಿದರು. ಮುಂದಿನ ಸೋಮವಾರ ಕಲ್ಲುಕುಟಿಗ ಬಂದು ಬಲಗಡೆ ಪೆನ್ಸಿಲಿನಲ್ಲಿ ಹೆಸರು ಗುರುತು ಮಾಡಿದ. ಮೊದಲ ಅಕ್ಷರದ ಮೇಲೆ ಉಳಿ ಇಟ್ಟು ಸುತ್ತಿಗೆ ಎತ್ತಿದ. ಅಕ್ಕ ಉಳಿಯ ಮುಂದೆ ಅಂಗೈ ಇಟ್ಟುಬಿಟ್ಟರು.

"ಬ್ಯಾಡ ಮಾರಾಯ. ಹೊಡೀಬ್ಯಾಡ."

"ನೀನೇ ಅಲ್ವೇನೇ ಎರಡು ವರ್ಷ ಹಠ ಹಿಡ್ದೋಳು?" ಎಂದರು ಅಯ್ನೋರು.

"ಹೌದು ಅಯ್ಯಾ" ಎಂದರು ಅಕ್ಕ. ಕೈ ಮಾತ್ರ ತೆಗೆಯಲಿಲ್ಲ. ಕಲ್ಲುಕುಟಿಗ ಸ್ವಲ್ಪ ಹೊತ್ತು ಕಾದು, ಚೀಲ ಕಟ್ಟಿಕೊಂಡು ಹೊರಟ. ಪೆನ್ಸಿಲಿನ ಗುರುತನ್ನು ಅಕ್ಕ ಸೆರಗಿನಿಂದ ಒರೆಸಿದರು. ನಾನು ಅಲ್ಲೇ ನಿಂತಿದ್ದೆ.

ಆಮೇಲೂ ನನ್ನ ರವಿಕೆಗಳನ್ನು ಅವರೇ ಹೊಲಿದರು, ಮೊದಲಿನಂತೆಯೇ ತಮಾಷೆ ಮಾಡಿದರು. ಪತ್ರ ಬರೆಯಲು ಮಾತ್ರ ಮತ್ತೆ ಕರೆಯಲಿಲ್ಲ. ಎಂಟು ದಿನಗಳ ಜ್ವರದಲ್ಲಿ, ಈ ವರ್ಷದ ಫೆಬ್ರುವರಿಯಲ್ಲಿ, ಅಕ್ಕ ತೀರಿಕೊಂಡರು. ಆ ಕಲ್ಲಿನ ಪಕ್ಕದಲ್ಲೇ ಅವರನ್ನು ಕೂರಿಸಿ ಹೂಳಿದರು.

ಅವರ ಕಡೆಯವರು ಬೇರೆ ಯಾರೂ ಇಲ್ಲ. ಹೋದ ವಾರ ಅಯ್ನೋರು ನನ್ನನ್ನೇ ಕರೆಸಿ, "ಆ ಕಾಗದ ನಿನ್ನ ಹತ್ರನೇ ಇರ್ಬೇಕಲ್ಲ. ಇವಳ ಗದ್ದುಗೆ ಕಟ್ಟುವಾಗ್ಲೇ ಚಿಕ್ಕವನ ಹೆಸರೂ ಕೆತ್ತಿಸಿಬಿಡಣ. ಎಂತ ಹೇಳ್ತಿ?" ಎಂದರು. ಹೂಂ ಎನ್ನಲಾಗಲಿಲ್ಲ. ಬೇಡ ಎನ್ನಲು ನಾನು ಯಾರು? ನನ್ನ ಮೌನವನ್ನೇ ಅವರು ಒಪ್ಪಿಗೆ ಅಂದುಕೊಂಡರು.

ಕಲ್ಲುಕುಟಿಗ ನಾಳೆ ಬೆಳಿಗ್ಗೆ ಬರುತ್ತಾನೆ. ಹೆಸರನ್ನು ತಪ್ಪಿಲ್ಲದೆ ಒಂದು ಚೀಟಿಯಲ್ಲಿ ಬರೆದುಕೊಡು ಎಂದಿದ್ದಾರೆ. ಚೀಟಿ ನನ್ನ ಮುಂದಿದೆ. ಪತ್ರಕ್ಕೆ ಹಾಕುವಂತೆ ಇವತ್ತಿನ ತಾರೀಖು ಹಾಕಿದ್ದೇನೆ, ಅಷ್ಟೇ.