ಚೌತಿಯ ದಿನ ಉಳಿಸಿದ ಇಲಿಗಳು

ನಲವತ್ತರ ದಶಕದ ಪುಣೆಯಲ್ಲಿ ನನ್ನ ನೌಕರಿ ಬಿಳಿ ಇಲಿಗಳ ಜೊತೆಗೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಅವಕ್ಕೆ ಕಾಳು ಹಾಕುವುದು, ಕ್ಷ-ಕಿರಣ ಕೊಡಿಸುವುದು, ಆಮೇಲೆ ಕೊಯ್ಯುವುದು. ಮೂತ್ರಪಿಂಡದ ನೆತ್ತಿಯ ಮೇಲೆ ಅಡ್ರಿನಲ್ ಅಂತ ಒಂದು ಸಣ್ಣ ಗ್ರಂಥಿ. ಕಿರಣ ಬಿದ್ದರೆ ಅದು ಹೆಚ್ಚು ರಸ ಸುರಿಸುತ್ತದೋ ಇಲ್ಲವೋ, ನಮ್ಮ ಸರ್‌ಗೆ ತಿಳಿಯಬೇಕಾಗಿತ್ತು. ಧಾರವಾಡದಿಂದ ಬಂದ ಅವ್ವನಿಗೆ ಈ ಕೆಲಸ ಕಂಡರಾಗದು. ದಿನಾ ತಲೆಯ ಮೇಲೆ ನೀರು ಸುರಿದೇ ನನ್ನನ್ನು ಒಳಗೆ ಬಿಡುತ್ತಿದ್ದಳು.

ಆಸ್ಪತ್ರೆಯ ಕಿರಣದ ಯಂತ್ರ ನಮಗೆ ಸಿಗುತ್ತಿದ್ದುದು ರಜೆಯ ದಿನ ಮಾತ್ರ. ಆ ಸಲ ಅದು ಗಣೇಶ ಚೌತಿಗೇ ಬಂತು. ಬೆಳಿಗ್ಗೆ ಕಿರಣ ಕೊಡಿಸಿ, ಸಂಜೆ ಕೊಯ್ಯುವುದೆಂದು ಇಟ್ಟುಕೊಂಡು ಊಟಕ್ಕೆ ಮನೆಗೆ ಬಂದೆ. ಕಡುಬು ಬಡಿಸುತ್ತಿದ್ದ ಅವ್ವ ಅಲ್ಲೇ ನಿಂತಳು.

"ಗಣಪ್ಪ ಮನಿಗೆ ಬಂದು ಕೂತಾನ, ನೀ ಅವನ ವಾಹನಾನ ಕೊಯ್ಲಿಕ್ಕೆ ಹೊಂಟೀಯೇನೋ? ಇವತ್ತೊಂದಿನ ಬಿಡೋ ತಮ್ಮಾ, ನನ್ನಾಣಿ ಅದ!"

ಆಣೆ ಹಾಕಿದ ಮೇಲೆ ಮೀರಲಾದೀತೆ? ಸೈಕಲ್ ತುಳಿದು ಸರ್ ಮನೆಗೆ ಹೋದೆ. ಅಲ್ಲೂ ಗಣಪತಿ, ಆರತಿಯ ಗದ್ದಲ. "ಹೋ ಹೋ, ಉದ್ಯಾ ಬಘೂ," ನಾಳೆ ನೋಡೋಣ ಅಂತ ಅವರೂ ಹಿಂದೆಮುಂದೆ ನೋಡದೆ ನಗುನಗುತ್ತ ಒಪ್ಪಿದರು. ಸಂಜೆಯೊಳಗೆ ಅವ್ವ, ಹತ್ತಾರು ಬಾಡಿಗೆ ಮನೆಗಳಿದ್ದ ನಮ್ಮ ವಾಡೆಯ ತುಂಬ ಡಂಗುರ ಸಾರಿದ್ದಳು. ನೆರೆಯವರು ಕರೆದು ಕರೆದು ಹೊಗಳಿದರು, ನಾನೂ ಉಬ್ಬಿದೆ.

ಮರುದಿನ ಕೊಯ್ದೆವು. ಕಿರಣ ಬೀಳದ ಇಲಿಗಳಿಗೂ ಇವಕ್ಕೂ ರಸದಲ್ಲಿ ವ್ಯತ್ಯಾಸವೇ ಇಲ್ಲ. ಸರ್ ಹಣೆ ಹಣೆ ಬಡಿದುಕೊಂಡರು. ನಿನ್ನೆ ಸಂಜೆ ರಸ ಏರಿದ್ದರೂ ಅದು ರಾತ್ರಿಯೊಳಗೆ ಇಳಿದುಹೋಗಿದ್ದೀತು, ಈಗ ಹೇಳುವುದು ಹೇಗೆ? ಅದಕ್ಕೇ ಅಲ್ಲವೇ ಅದೇ ದಿನ ಕೊಯ್ಯುವುದು ಅಂತ ಇಟ್ಟುಕೊಂಡಿದ್ದು! ಅಷ್ಟೂ ಇಲಿಗಳು ಸುಮ್ಮನೆ ಸತ್ತವು. ಮುಂದಿನ ರಜೆಗೆ ಮತ್ತೆ ಅಷ್ಟೇ ಇಲಿಗಳನ್ನು ಆರಿಸಿಡು ಅಂದರು. ಆರಿಸಿಟ್ಟೆ. ಛೀ, ನನ್ನ ಕೈ ನನಗೇ ಹೇಸಿಗೆಯಾಯಿತು.

ಮನೆಗೆ ಬಂದರೆ ವಾಡೆಯ ಹೆಂಗಸರ ನಡುವೆ ಕೂತ ಅವ್ವ, ತನ್ನ ಹರಕು ಮರಾಠಿಯಲ್ಲಿ, ಮಗ ಎಷ್ಟು ಜೀವ ಉಳಿಸಿದ ಅಂತ ಹಿಗ್ಗಿ ಹೇಳುತ್ತಿದ್ದಳು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಅವರೆಲ್ಲ ಎದ್ದು ಹೋದ ಮೇಲೆ ಇದ್ದದ್ದು ಇದ್ದ ಹಾಗೆ ಹೇಳಿದೆ. "ಅವೂ ಸತ್ತುವು ಅವ್ವಾ. ಇನ್ನ ಅಷ್ಟ ಸಾಯ್ತಾವ, ನಮ್ಮ ಸಲುವಾಗಿ."

ಬೈಯುತ್ತಾಳೆ ಅಂತ ಕಾದೆ. ಬೈದಿದ್ದರೆ ಎಷ್ಟೋ ಚಲೋ ಇತ್ತು.

"ಹಂಗಿದ್ರ ನಿನ್ನಿ ಸಂಜೀನ ಕೊಯ್ಯಬೇಕಿತ್ತಲ್ಲೋ," ಅಂದಳು. "ನಾ ಏನೂ ತಿಳೀದಾಕಿ. ಕಲಿತಾಂವ ನೀ, ನನ್ನ ಮಾತು ಯಾಕ ಕೇಳಿದಿ?"