ಒಂದು ದಿನ ತಡ

ಶಾಲೆಯಲ್ಲಿ ಗಂಟೆ ಬಾರಿಸುವ ಆಕೆಯನ್ನು ಎಲ್ಲರೂ ಗಂಟೆಯಮ್ಮ ಎಂದೇ ಕರೆಯುತ್ತಿದ್ದರು. ಹದಿನಾಲ್ಕು ವರ್ಷಗಳಲ್ಲಿ ಒಂದು ಗಂಟೆಯೂ ಆಚೀಚೆ ಆದದ್ದಿಲ್ಲ. ತಡವಾಗಿ ಬಂದ ಮೇಷ್ಟ್ರುಗಳಿಗೆ ಗೇಟಿನಲ್ಲೇ ಪುಸ್ತಕ ಚಾಚಿ, "ಸಮಯ ಬರೀರಿ, ಕಾರಣ ಬರೀರಿ" ಎನ್ನುವಳು. ಗಣಿತದ ಮೇಷ್ಟ್ರ ಅತ್ತೆ ಆ ಪುಸ್ತಕದಲ್ಲಿ ಮೂರು ಸಲ ತೀರಿಕೊಂಡಿದ್ದರು. ಗಂಟೆಯಮ್ಮನ ಮನೆಯ ಗಡಿಯಾರ ಹತ್ತು ನಿಮಿಷ ಮುಂದೆ. ಅದನ್ನು ನೋಡಿಕೊಂಡು ಇವಳು ಮತ್ತೂ ಹತ್ತು ನಿಮಿಷ ಮೊದಲೇ ಹೊರಡುವಳು.

ಇಂಥವಳಿಗೆ ಗಂಡನಾಗಿ ಸಿಕ್ಕವನೋ, ಸಾಮಾನು ಸಾಗಿಸುವ ವ್ಯಾನಿನ ಡ್ರೈವರ್, ಸ್ವಂತ ಮದುವೆಗೇ ಒಂದೂವರೆ ಗಂಟೆ ತಡವಾಗಿ ಬಂದ ಮಹಾನುಭಾವ!

ಮಕ್ಕಳಾಗದೆ ಆಸ್ಪತ್ರೆಯ ಮೆಟ್ಟಿಲು ಹತ್ತಿದರು. ಎರಡು ಸಲ ಲ್ಯಾಬಿನಲ್ಲಿ ಬೆಳೆಸಿದ ಭ್ರೂಣವನ್ನು ಗರ್ಭದಲ್ಲಿಟ್ಟರು, ಎರಡೂ ನಿಲ್ಲಲಿಲ್ಲ. ಇನ್ನು ಉಳಿದದ್ದು ಒಂದೇ ಭ್ರೂಣ. ಅದೂ ಹೋದರೆ ಮತ್ತೆ ಮೊದಲಿನಿಂದ ಶುರುಮಾಡುವ ಚೈತನ್ಯ ಇಬ್ಬರಲ್ಲೂ ಇರಲಿಲ್ಲ. ಆದ್ದರಿಂದ ಡಾಕ್ಟರಮ್ಮ ಮೊದಲು ಗರ್ಭಕೋಶದ ಒಳಪದರದ ಚೂರೊಂದನ್ನು ತೆಗೆದು ಪರೀಕ್ಷೆಗೆ ಕಳಿಸಿದರು.

"ಭ್ರೂಣ ಹಿಡ್ಕೊಳ್ಳೋಕೆ ನಿಮ್ಮ ಒಳಪದರ ತಯಾರಾಗೋದು ಒಂದು ದಿನ ತಡ," ಎಂದರು ವರದಿ ನೋಡಿ.

"ತಡಾನಾ? ನಂದಾ?" ಗಂಟೆಯಮ್ಮ ಕುರ್ಚಿಯಿಂದ ಎದ್ದೇಬಿಟ್ಟಳು. "ಸರಿಯಾಗಿ ನೋಡಿ ಮೇಡಂ, ಇವರದ್ದಿರಬೇಕು."

"ಇವರಿಗೆ ಗರ್ಭಕೋಶ ಇಲ್ಲಮ್ಮ."

ಡ್ರೈವರ್ ಕಿಟಕಿಯತ್ತ ಮುಖ ತಿರುಗಿಸಿಕೊಂಡ. ಭುಜ ಮಾತ್ರ ಕುಲುಕುತ್ತಿತ್ತು.

"ಸೋಮವಾರ ಸಂಜೆ ಸರಿಯಾಗಿ ಏಳಕ್ಕೆ ಒಳಪದರ ತಯಾರು ಮಾಡೋ ಮಾತ್ರೆ ಶುರು ಮಾಡಿ. ಭ್ರೂಣ ಇಡೋ ದಿನದ ಲೆಕ್ಕದಲ್ಲಿ ಆ ಒಂದು ದಿನಾನ ನಾವೇ ಸೇರಿಸಿದ್ದೀವಿ. ನೀವು ಹಿಂದೆಮುಂದೆ ಮಾಡಬೇಡಿ. ಗ್ಯಾರಂಟಿ ಅಂತೂ ಕೊಡಲ್ಲ."

ಗಂಟೆಯಮ್ಮ ಹೂಂ ಎಂದಳು. ಆದರೆ ಹುಟ್ಟುಗುಣ ಎಲ್ಲಿಗೆ ಹೋದೀತು? ಭಾನುವಾರ ಸಂಜೆಯೇ ನೀರಿನ ಲೋಟ ಹಿಡಿದು ಮನೆಯೆಲ್ಲ ಜಾಲಾಡತೊಡಗಿದಳು.

"ಮಾತ್ರೆ ಎಲ್ರೀ?"

"ವ್ಯಾನಲ್ಲಿಟ್ಟು ಬೀಗ ಹಾಕಿದ್ದೀನಿ. ನೀನು ಹೀಗೇ ಮಾಡ್ತೀಯ ಅಂತ ಗೊತ್ತಿತ್ತು."

"ಒಂದು ದಿನ ಕೈಯಲ್ಲಿರಲಿ ಅಂತ ಕಣ್ರೀ!"

"ಅವರದ್ದೊಂದು ದಿನ, ನಿಂದೊಂದು ದಿನ. ನಮ್ಮನೆ ಗಡಿಯಾರದ ಕಥೆ ಆಗುತ್ತೆ ಅಷ್ಟೇ. ನಾಳೆ ಏಳಕ್ಕೆ ಕೊಡ್ತೀನಿ."

"ನೀವು? ಏಳಕ್ಕೆ? ಅಯ್ಯೋ, ಕೆಟ್ಟೆ!"

ಸೋಮವಾರ ಆರೂವರೆಗೇ ಬಾಗಿಲಲ್ಲಿ ನಿಂತಳು. ಮುಕ್ಕಾಲಾಯಿತು. ರಸ್ತೆ ಖಾಲಿ. ಈ ಮನುಷ್ಯನನ್ನು ನಂಬಿ ಮಗುವನ್ನು ಕಳೆದುಕೊಂಡೆನಲ್ಲ ಎಂದು ಅಳು ಬಂತು. ಏಳಕ್ಕೆ ಎರಡು ನಿಮಿಷವಿರುವಾಗ ವ್ಯಾನು ತಿರುವಿನಲ್ಲಿ ಕಾಣಿಸಿತು. ಯಾರದೋ ಬೀರು ಇನ್ನೂ ಹಿಂದುಗಡೆಯೇ ಅಲ್ಲಾಡುತ್ತಿತ್ತು.

"ಇಳಿಸಿ ಬಂದಿದ್ರೆ ತಡ ಆಗ್ತಿತ್ತು," ಎಂದು ಮಾತ್ರೆ ಕೈಗಿಟ್ಟ.

ಮಾತ್ರೆಯ ಅಷ್ಟೂ ದಿನ, ಬೆಳಿಗ್ಗೆ ಸಂಜೆ, ಅವನು ಒಂದು ನಿಮಿಷವೂ ತಪ್ಪಲಿಲ್ಲ. ಹನ್ನೊಂದು ವರ್ಷದ ಸಂಸಾರದಲ್ಲಿ ಅವಳಿಗೆ ಅವನ ಮೇಲೆ ಅಷ್ಟು ಪ್ರೀತಿ ಎಂದೂ ಉಕ್ಕಿರಲಿಲ್ಲ. ಹೇಳಲಿಲ್ಲ, ಬಿಡಿ, ತಲೆಗೇರೀತೆಂದು.

ಭ್ರೂಣ ಇಟ್ಟು ಎರಡು ವಾರದ ಮೇಲೆ, ಕೊನೆಯ ಗಂಟೆಗೆ ಇನ್ನೇನು ಕೈಯೆತ್ತಬೇಕು, ಆಸ್ಪತ್ರೆಯಿಂದ ಫೋನು ಬಂತು. ಆ ದಿನ ಶಾಲೆ ಬಿಟ್ಟದ್ದು ಆರು ನಿಮಿಷ ತಡವಾಗಿ.

ಗಣಿತದ ಮೇಷ್ಟ್ರು ಕುಣಿಯುತ್ತಾ ಬಂದು ಪುಸ್ತಕ ಚಾಚಿದರು. "ಸಮಯ ಬರೀರಿ, ಕಾರಣ ಬರೀರಿ!"

ಗಂಟೆಯಮ್ಮ ಕಣ್ಣೊರೆಸಿಕೊಂಡು ಸಮಯ ಬರೆದಳು. ಕಾರಣದ ಜಾಗದಲ್ಲಿ, ಮೇಷ್ಟ್ರ ಅತ್ತೆಯ ಮೂರನೇ ಸಾವಿನ ಕೆಳಗೆ, "ಗರ್ಭ ನಿಂತಿದೆ" ಎಂದು ಬರೆದು ಸಹಿ ಹಾಕಿದಳು.