ಇಪ್ಪತ್ತಮೂರನೆಯ ನಿಮಿಷಕ್ಕೆ ನಿಂತ ವಿಡಿಯೊ

ನಾನು ನಿಂತಿದ್ದದ್ದು ಗುಂಡ್ಲುಪೇಟೆ ಹತ್ತಿರದ ಹಂಗಳ ಎಂಬ ಊರಿನಲ್ಲಿ, ಅಕ್ಕನ ಮನೆಯ ನಡುಮನೆಯಲ್ಲಿ, ಟಿ.ವಿ.ಯ ಎಡಕ್ಕೆ ಒಂದು ಮೊಳ ದೂರದಲ್ಲಿ. ರಿಮೋಟ್ ನನ್ನ ಬಲಗೈಯಲ್ಲಿತ್ತು. ಭಾನುವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಅವರ ಗೋಡೆ ಗಡಿಯಾರ ಸ್ವಲ್ಪ ಮುಂದಿರುತ್ತದೆ. ನಾನು ಹೇಳುತ್ತಿರುವುದು ಮೊಬೈಲಿನ ಸಮಯ. ವಿಡಿಯೊ ಇಪ್ಪತ್ತಮೂರು ನಿಮಿಷ ಹದಿನೇಳು ಸೆಕೆಂಡು ಓಡಿ ನಿಂತಿತು. ಪರದೆ ಕಪ್ಪಾಯಿತು. ಪ್ಲೇಯರ್ ತಾನಾಗಿಯೇ ಮುಚ್ಚಿಕೊಂಡಿತ್ತು.

ಎದುರಿಗೆ ಮೂವರು ಕುಳಿತಿದ್ದರು. ಅಕ್ಕ, ಅವಳ ಮೈದುನ, ಎಂದರೆ ನಾಲ್ಕು ವರ್ಷದ ಹಿಂದೆ ತೀರಿಕೊಂಡ ನಮ್ಮ ಭಾವನ ತಮ್ಮ, ಮತ್ತು ನ್ಯಾಯ ಹೇಳುವ ಆ ಬೀದಿಯ ಯಜಮಾನರು. ಯಜಮಾನರನ್ನು ಕರೆಸಿದ್ದು ಒಂದು ಗಾಡಿದಾರಿಯ ವಿಚಾರಕ್ಕೆ. ಅಕ್ಕನ ಹೊಲಕ್ಕೆ ಹೋಗಬೇಕಾದರೆ ಮೈದುನನ ಹೊಲದ ಅಂಚಿನಲ್ಲೇ ಹೋಗಬೇಕು, ಬೇರೆ ದಾರಿಯಿಲ್ಲ. ಅಲ್ಲಿ ಬೇಲಿ ಹಾಕಲು ಅವನು ಕಲ್ಲುಕಂಬ ತಂದು ಇಳಿಸಿದ್ದ. ಈ ಮನೆಯ ಗೃಹಪ್ರವೇಶದ ದಿನ ಬೋರ್‌ವೆಲ್ಲಿಗೆ ಪೂಜೆ ಮಾಡುವಾಗ, ದಾರಿ ಇಬ್ಬರು ಮಕ್ಕಳಿಗೂ ಎಂದು ಅವಳ ಮಾವ ಕ್ಯಾಮೆರಾ ಮುಂದೆಯೇ ಹೇಳಿದ್ದರು ಎಂಬುದು ಅಕ್ಕನ ಮಾತು. ಹೇಳಿಯೇ ಇಲ್ಲ ಎಂಬುದು ಮೈದುನನ ಮಾತು. ಮಾವ ಈಗಿಲ್ಲ. ಕಾಗದದಲ್ಲೂ ಏನೂ ಇಲ್ಲ. ವಿಡಿಯೊ ನೋಡಿ ಹೇಳೋಣ ಎಂದಿದ್ದರು ಯಜಮಾನರು.

ಗೃಹಪ್ರವೇಶದ ದಿನ ನಾನು ಪರೀಕ್ಷೆಗೆಂದು ಮೈಸೂರಿನಲ್ಲಿದ್ದೆ. ಮಾವ ಏನೆಂದರು ಎಂಬುದಕ್ಕೆ ನಾನು ಸಾಕ್ಷಿಯಲ್ಲ.

ವಿಡಿಯೊ ಓಡಿಸಲು ಟಿ.ವಿ.ಗೆ ಸಿಕ್ಕಿಸಿದ ಬಾಕ್ಸ್ ಮಾತ್ರ ನನ್ನದು. ಕಂಪನಿಯವರು ಕೊಟ್ಟ ಸಾಫ್ಟ್‌ವೇರ್ ತೆಗೆದು ಬೇರೆಯದನ್ನು ಹಾಕಿ, ಸೆಟ್ಟಿಂಗುಗಳನ್ನು ನನಗೆ ಬೇಕಾದಂತೆ ತಿದ್ದಿಕೊಂಡಿದ್ದೆ. ಗೃಹಪ್ರವೇಶದ ಎರಡು ಹಳೆಯ ಕ್ಯಾಸೆಟ್‌ಗಳನ್ನು ಚಾಮರಾಜನಗರದ ಒಂದು ಸ್ಟುಡಿಯೊದಲ್ಲಿ ಡಿಸ್ಕಿಗೆ ಹಾಕಿಸಿ, ಅದರಿಂದ ಪೆನ್‌ಡ್ರೈವಿಗೆ ಕಾಪಿ ಮಾಡಿದವನೂ ನಾನೇ. ಅಕ್ಕನಿಗೆ ತಮ್ಮ, ಬಾಕ್ಸಿಗೆ ಮೆಕ್ಯಾನಿಕ್ಕು. ನಂಬಲು ಯಾರಿಗಾದರೂ ಕಷ್ಟವೇ.

ಮತ್ತೆ ಹಾಕಿದೆ. ಅದೇ ಸೆಕೆಂಡಿಗೆ ನಿಂತಿತು. ಮುಂದಕ್ಕೆ ಓಡಿಸಿದರೂ ಮುಚ್ಚಿಕೊಂಡಿತು.

"ಏನ್ ಭಾವ," ಎಂದ ಮೈದುನ, "ನಮ್ಮಪ್ಪ ಬಾಯ್ ಬುಡೋ ಟೈಮ್ಗೇ ನಿಮ್ ಡಬ್ಬಿ ಬಾಯ್ ಮುಚ್ಕತದಲ್ಲ."

"ಒಂದ್ ವಾರ ಪೆನ್‌ಡ್ರೈವ್ ಯಾರ್ ತಾವಿತ್ತು ಅಂತ ಕೇಳ್ಲಾ ಅವ್ನ," ಎಂದಳು ಅಕ್ಕ ನನ್ನ ಕಡೆ ತಿರುಗಿ. "ನೋಡ್ಬುಟ್ಟು ಕೊಡ್ತೀನಿ ಅಂತ ಇಸ್ಕೊಂಡೋಗಿದ್ದ. ಅದೇನ್ ಮಾಡ್ಬುಟ್ಟವ್ನೋ."

"ನಮ್ಮನೆ ಟಿ.ವಿ.ಗೆ ಅದು ಓಗ್ನೇ ಇಲ್ಲ ಕಣತ್ಗೆ. ತೂತೇ ಇಲ್ಲ ಅದ್ಕೆ."

"ಸಾಕ್ಷಿ ಯೋಳಕೆ ಟಿ.ವಿ.ಗೂ ಭಯ ಕಣ್ರಪ್ಪ," ಎಂದು ಯಜಮಾನರು ಎದ್ದರು. "ಬರೋ ಬಾನ್ವಾರ ನೋಡನ. ಅಲ್ಲೀಗಂಟ ಕಂಬ ನೆಡ್ಬ್ಯಾಡ ಕಣ್ಲಾ."

ಬಾಕ್ಸು, ಪೆನ್‌ಡ್ರೈವು ಎರಡನ್ನೂ ಚೀಲದಲ್ಲಿಟ್ಟುಕೊಂಡು ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಿ ಮನೆಗೆ ಬಂದೆ. ದಾರಿಯುದ್ದಕ್ಕೂ ಮೈದುನನ ಮೇಲೆಯೇ ಅನುಮಾನ. ಅವನಿಗೆ ಪರಿಚಯದ ಮೊಬೈಲ್ ಅಂಗಡಿಯವರಿದ್ದರು. ಒಂದು ಕಡೆ ಕತ್ತರಿಸಿ ಅಂಟಿಸುವುದು ಅವರಿಗೆ ಹತ್ತು ನಿಮಿಷದ ಕೆಲಸ. ಪೆನ್‌ಡ್ರೈವಿನ ಮಾತು ಬಂದಾಗ ಅವನು ನನ್ನ ಮುಖ ನೋಡದೆ ಅಕ್ಕನ ಮುಖ ನೋಡಿದ್ದನ್ನೂ ಲೆಕ್ಕಕ್ಕೆ ಹಿಡಿದಿದ್ದೆ.

ಸೋಮವಾರ, ನಾನು ಕೆಲಸ ಮಾಡುವ ಕಾಲೇಜಿನ ಕಂಪ್ಯೂಟರಿನಲ್ಲಿ, ನನ್ನ ಬಳಿಯೇ ಇದ್ದ ಡಿಸ್ಕಿನಿಂದ ಇನ್ನೊಂದು ಪೆನ್‌ಡ್ರೈವಿಗೆ ಹೊಸದಾಗಿ ಕಾಪಿ ಮಾಡಿದೆ. ಹಳೆಯ ಫೈಲನ್ನೂ ಹೊಸದನ್ನೂ ಹೋಲಿಸಿದೆ. ಒಂದು ಬೈಟೂ ವ್ಯತ್ಯಾಸವಿಲ್ಲ. ಅಲ್ಲೇ ಹಾಕಿ ನೋಡಬಹುದಿತ್ತು. ನೋಡಲಿಲ್ಲ. ಯಜಮಾನರಿಗಿಂತ ಮೊದಲು ನಾನು ನೋಡಿದೆನೆಂದರೆ, ನಾನೇ ತಿದ್ದಿದೆನೆಂದು ಹೇಳಲು ಅವಕಾಶ ಕೊಟ್ಟಂತೆ. ಸಂಜೆ ಹೊಸ ಕಾಪಿಯನ್ನು ಬಾಕ್ಸಿಗೆ ಹಾಕಿದೆ. ಅದೂ ಅದೇ ಸೆಕೆಂಡಿಗೆ ನಿಂತಿತು. ಮೈದುನ ಏನೂ ಮಾಡಿರಲಿಲ್ಲ. ಇನ್ನು ಅನುಮಾನ ಪಡಲು ಉಳಿದದ್ದು ಬಾಕ್ಸು, ಎಂದರೆ ನಾನು.

ಮಂಗಳವಾರ ಅಡಾಪ್ಟರ್ ಬದಲಿಸಿದೆ. ಬಾಕ್ಸ್ ಬಿಸಿಯಾಗುತ್ತದೆಯೇ ಎಂದು ಅಂಗೈ ಇಟ್ಟು ನೋಡಿದೆ. ಪ್ಲೇಯರ್ ತೆಗೆದು ಮತ್ತೆ ಹಾಕಿದೆ. ಪ್ರಯೋಜನವಾಗಲಿಲ್ಲ. ಬುಧವಾರ, ನಾನು ತಿದ್ದಿದ್ದ ಸೆಟ್ಟಿಂಗುಗಳನ್ನು ಒಂದೊಂದಾಗಿ ಹಿಂದಕ್ಕೆ ತರತೊಡಗಿದೆ. ನಾಲ್ಕನೆಯದರಲ್ಲಿ ಸಿಕ್ಕಿತು. ಫೈಲಿನಿಂದ ಚಿತ್ರವನ್ನು ಬಿಡಿಸಿ ತೆಗೆಯುವ ಕೆಲಸವನ್ನು, ಸಾಫ್ಟ್‌ವೇರಿಗೆ ಬಿಡದೆ, ಯಾವಾಗಲೂ ಬಾಕ್ಸಿನೊಳಗಿನ ವಿಡಿಯೊ ಚಿಪ್ಪೇ ಮಾಡಬೇಕೆಂದು ನಾನು ಕಡ್ಡಾಯ ಮಾಡಿದ್ದೆ; ಸಿನಿಮಾಗಳು ನಯವಾಗಿ ಓಡಲೆಂದು. ಸ್ಟುಡಿಯೊದವರು ಎರಡು ಕ್ಯಾಸೆಟ್‌ಗಳನ್ನು ಒಂದೇ ಫೈಲಾಗಿ ಜೋಡಿಸಿದ್ದರು. ಮೊದಲನೆಯದು ಮನೆಯೊಳಗಿನದು, ಎರಡನೆಯದು ಹೊಲದ್ದು. ಚಿತ್ರದ ಅಳತೆ ಬೇರೆ ಬೇರೆ. ಜೋಡಿಸಿದ ಜಾಗದಲ್ಲಿ ಅಳತೆ ಬದಲಾದೊಡನೆ ಚಿಪ್ಪು ಕೈಚೆಲ್ಲುತ್ತಿತ್ತು. ಕಡ್ಡಾಯ ತೆಗೆದೆ. ಹದಿನೆಂಟನೆಯ ಸೆಕೆಂಡು ಬಂತು, ಹೊಲದ ಹಸಿರು ಕಾಣಿಸಿತು. ಅಲ್ಲೇ ನಿಲ್ಲಿಸಿದೆ. ಒಂದು ದಿನವಿಡೀ ಒಬ್ಬ ಮನುಷ್ಯನನ್ನು ಮನಸ್ಸಿನಲ್ಲಿ ಕಳ್ಳನನ್ನಾಗಿ ಮಾಡಿದ್ದೆ.

ಮುಂದಿನ ಭಾನುವಾರ ಅದೇ ಜಾಗದಲ್ಲಿ ನಿಂತು ಮೊದಲು ಅದನ್ನೇ ಹೇಳಿದೆ: ತಪ್ಪು ನನ್ನ ಬಾಕ್ಸಿನದು, ಪೆನ್‌ಡ್ರೈವನ್ನು ಯಾರೂ ಮುಟ್ಟಿಲ್ಲ. ಅಕ್ಕ ನನ್ನನ್ನು ದುರುಗುಟ್ಟಿ ನೋಡಿದಳು. ಮೈದುನ ನಕ್ಕ. ವಿಡಿಯೊ ಹಾಕಿದೆ.

ಇಪ್ಪತ್ತಮೂರನೆಯ ನಿಮಿಷ ದಾಟಿತು. ಹೊಲ, ಬೋರ್‌ವೆಲ್ಲಿನ ಪೈಪು, ದೂರದಲ್ಲಿ ಗೋಪಾಲಸ್ವಾಮಿ ಬೆಟ್ಟ. ಮಾವ ಬಲಗೈ ಎತ್ತಿ ಗಾಡಿದಾರಿಯನ್ನು ಈ ತುದಿಯಿಂದ ಆ ತುದಿಯವರೆಗೆ ತೋರಿಸಿದರು. ತುಟಿಗಳು ಆಡಿದವು. ಕೇಳಿಸಿದ್ದು ಮಾತ್ರ ಯಾವುದೋ ಸಿನಿಮಾ ಹಾಡು. ಆಗಿನ ವಿಡಿಯೊದವರು ಮಾತು ಅಳಿಸಿ ಹಾಡು ಹಾಕುತ್ತಿದ್ದರು. ಅದೇ ಚೆಂದ ಎಂದು ಎಲ್ಲರೂ ಒಪ್ಪಿದ್ದ ಕಾಲ. ಅಕ್ಕ ಸೆರಗನ್ನು ಬಾಯಿಗಿಟ್ಟುಕೊಂಡಳು.

"ಕೈ ತೋರ್ಸವ್ರೆ, ಸರಿ," ಎಂದ ಮೈದುನ. "ಏನಂದ್ರು ಅಂತ ಯಾರ್ ಕಂಡೋರು?"

"ಇನ್ನೊಂದ್ ಸಲ ಆಕಪ್ಪ," ಎಂದರು ಯಜಮಾನರು.

ಹಾಕಿದೆ. ಅವರು ಮುಂದಕ್ಕೆ ಬಗ್ಗಿದರು. "ನಿಮ್ಮಪ್ಪನ ಪಕ್ಕದಲ್ಲಿ, ಕರಿ ಬನೀನು, ನೀನಲ್ವೇನ್ಲಾ? ನಿಮ್ಮಪ್ಪ ಮಾತು ಮುಗಿಸ್ತಿದ್ದಂಗೆ ಎಲ್ಡ್ ಸಲ ತಲೆ ಆಡ್ಸಿದ್ದೀಯಲ್ಲ, ಯಾತಕ್ಕೆ?"

ಮೈದುನ ಪರದೆ ನೋಡಿದ. "ಹಾಡ್ಗೆ ತಲೆ ಆಡ್ಸಿರ್ಬೋದು."

"ಹೊಲದಲ್ಲಿ ಯಾವ ಹಾಡ್ಲಾ? ಅದ ಸ್ಟುಡಿಯೋದೋರು ಆಮೇಲೆ ಅಂಟ್ಸಿರದು ಕಣ."

ಮೈದುನ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಆಗ ಹನ್ನೊಂದು ಗಂಟೆ ಎರಡು ನಿಮಿಷ. ದಾರಿ ಇದ್ದ ಹಾಗೇ ಇರಲಿ ಎಂದು ಯಜಮಾನರು ಹೇಳಿದರು. ಕಲ್ಲುಕಂಬಗಳನ್ನು ಅವನು ಇನ್ನೂ ನೆಟ್ಟಿಲ್ಲ, ಅಲ್ಲಿಂದ ತೆಗೆದೂ ಇಲ್ಲ. ಅಕ್ಕ ಹೊಲಕ್ಕೆ ಹೋಗುವಾಗಲೆಲ್ಲ ಅವನ್ನು ಎಣಿಸಿಕೊಂಡು ಹೋಗುತ್ತಾಳೆ.

ವಿಡಿಯೊದ ಆ ಜಾಗದಲ್ಲಿ ಕಾಣುವವರು ಐವರು. ಮಾವ ಇಲ್ಲ. ಭಾವ ಇಲ್ಲ. ಪೂಜೆ ಮಾಡಿಸಿದ ಅಯ್ಯನವರೂ ಹೋದ ವರ್ಷ ತೀರಿಕೊಂಡರು. ಕ್ಯಾಮೆರಾ ಹಿಡಿದವನು ಯಾರೆಂದು ಈಗ ಯಾರಿಗೂ ಗೊತ್ತಿಲ್ಲ. ಆ ಮಾತನ್ನು ಕಿವಿಯಾರೆ ಕೇಳಿ, ಇವತ್ತೂ ಬದುಕಿರುವವರು ಇಬ್ಬರೇ: ತಟ್ಟೆ ಹಿಡಿದು ಹಿಂದೆ ನಿಂತ ನಮ್ಮಕ್ಕ, ಮತ್ತು ತಲೆಯಾಡಿಸಿದ ಅವಳ ಮೈದುನ.